ಎಣ್ಣೆ ಕಾಣದ ವರ್ಷ

ಬಹಳ ಹಿಂದೆ, ಹೊಳೆ ಕಡಲಿಗೆ ಸೇರುವ ಒಂದು ಊರಿನಲ್ಲಿ ಜಟ್ಟಜ್ಜ ಅಂತ ಒಬ್ಬನಿದ್ದನಂತೆ. ಯಾವ ಕಾಲ ಅಂತ ಕೇಳಬೇಡಿ, ನನಗೆ ಹೇಳಿದವರೂ ಹೇಳಲಿಲ್ಲ. ಹಾಯಿದೋಣಿಯ ವಯಸ್ಸು ಹೇಳುವುದು ಅವನ ವಿದ್ಯೆ. ಮಳೆಗಾಲ ಮುಗಿದು ದೋಣಿ ನೀರಿಗಿಳಿಸುವ ಮೊದಲು ಅದರ ಮೈಗೆಲ್ಲ ಗೇರೆಣ್ಣೆ ಹಚ್ಚುತ್ತಿದ್ದರು, ವರ್ಷಕ್ಕೊಂದೇ ಸಲ. ಜಟ್ಟಜ್ಜ ಚೂರಿಯ ತುದಿಯಲ್ಲಿ ಹಲಗೆ ಕೆರೆದು, ಒಣಗಿದ ಎಣ್ಣೆಯನ್ನು ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡಿಸಿ ಎಣಿಸುತ್ತಿದ್ದನಂತೆ. ಮನೆಯಲ್ಲಿ ಹಿರಿಯರು ತೀರಿದ ವರ್ಷ ದೋಣಿಗೆ ಎಣ್ಣೆಯಿಲ್ಲ, ಅದು ಪದ್ಧತಿ. ಅದನ್ನೂ ಕೇಳಿ ಕೂಡಿಸಿಕೊಳ್ಳುತ್ತಿದ್ದ. ಮರ ಕಾಡಿನಲ್ಲಿದ್ದಾಗಿನ ವಯಸ್ಸನ್ನೂ ಹೇಳುತ್ತಿದ್ದ ಅನ್ನುವವರಿದ್ದಾರೆ. ನಾನು ನಂಬುವುದಿಲ್ಲ, ನೀವು ಬೇಕಾದರೆ ನಂಬಿ.

ಅದೇ ಊರಿನ ದುರ್ಗಿಯ ಗಂಡ ಈರಪ್ಪ ಮೀನಿಗೆ ಹೋದವನು ವಾಪಸ್ಸು ಬರಲಿಲ್ಲ. ಹೆಣವೂ ಸಿಗಲಿಲ್ಲ, ದೋಣಿಯೂ ಸಿಗಲಿಲ್ಲ. ಹಾಗಾಗಿ ದುರ್ಗಿ ಬಳೆ ತೆಗೆಯಲಿಲ್ಲ. ಒಂದು ಚಳಿಗಾಲ ಪುಟ್ಟ ಹಾಯಿದೋಣಿಯೊಂದು ದಡಕ್ಕೆ ಬಂದು ಬಿತ್ತಂತೆ. ಹಾಯಿಯಿಲ್ಲ, ಕಂಬವಿಲ್ಲ, ಮೈತುಂಬ ಚಿಪ್ಪು. ಆ ಕಡೆಯ ದೋಣಿಗಳೆಲ್ಲ ಒಂದೇ ಅಚ್ಚಿನವು, ಗುರುತು ಹಿಡಿಯುವುದು ಹೇಗೆ? ಈರಪ್ಪನದು ಅವನ ಮದುವೆಯ ವರ್ಷ ಕಟ್ಟಿದ ದೋಣಿ. ಅಂದಿನಿಂದ ಅವನು ಕಾಣೆಯಾಗುವ ತನಕ ಎಷ್ಟು ಮಳೆಗಾಲವೋ ಅಷ್ಟು ಪದರ ಇರಬೇಕು. ಲೆಕ್ಕ ಹೊಂದಿದರೆ ದುರ್ಗಿಯ ಬಳೆ ಒಡೆಯಬೇಕು. ಊರೆಲ್ಲ ಜಟ್ಟಜ್ಜನ ಬಾಯಿ ನೋಡುತ್ತ ನಿಂತಿತಂತೆ.

ಅವನು ಕೆರೆದ, ಎಣಿಸಿದ, ಮತ್ತೆ ಎಣಿಸಿದ. ನಿಮ್ಮ ಮನೆಯಲ್ಲಿ ಹಿರಿಯರು ಯಾರಾದರೂ ತೀರಿದ್ದರೇ ಎಂದು ದುರ್ಗಿಯನ್ನು ಕೇಳಿದ. ಇಲ್ಲ ಎಂದಳು. ಒಂದು ಪದರ ಕಮ್ಮಿಯಿತ್ತು. ಇದು ಈರಪ್ಪನ ದೋಣಿಯಲ್ಲ ಎಂದುಬಿಟ್ಟ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ದುರ್ಗಿ ಬಳೆ ಹಿಂದಕ್ಕೆ ಸರಿಸಿಕೊಂಡು ಮನೆಗೆ ಹೋದಳಂತೆ.

ಕೆಲವು ಕಾಲದ ಮೇಲೆ ಜಟ್ಟಜ್ಜ ಕೇದಗೆ ಮೆಳೆಯ ಪಕ್ಕದಲ್ಲಿ ಹಾದುಹೋಗುವಾಗ ಅವಳು ಅಲ್ಲಿ ಕೂತಿದ್ದಳು. ಹೆಸರಿಡುವ ಮೊದಲೇ ಹೋದ ಕೂಸುಗಳನ್ನು ಆ ಊರವರು ಹೂಳುವುದು ಅಲ್ಲಿ. ಅಂಥ ಕೂಸಿಗೆ ಸೂತಕವಿಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇವಳದೂ ಒಂದು ಕೂಸು ಇಲ್ಲಿದೆ ಎಂದು ಜಟ್ಟಜ್ಜನಿಗೆ ಆಗ ಹೊಳೆಯಿತು. ಕೂಸು ಹೋದ ವರ್ಷ ಈರಪ್ಪ ಎಣ್ಣೆ ಹಚ್ಚಿದನೇ ಎಂದು ಕೇಳಿದ.

“ಇಲ್ಲ ಅಜ್ಜ. ಎಣ್ಣೆ ಗಡಿಗೆ ಮುಂದಿಟ್ಕಂಡು ಅಳ್ತಾ ಕೂತಿದ್ರು. ಆ ದೋಣಿ ಅವ್ರದೇ ಅಂತ ನಂಗೆ ಅವತ್ತೇ ಗೊತ್ತಿತ್ತು. ನೀವು ಹಿರಿಯರನ್ನ ಕೇಳಿದ್ರಿ, ಕೂಸನ್ನ ಕೇಳಲಿಲ್ಲ. ಯಾರಿಗೂ ಹೇಳ್ಬೇಡಿ. ಆ ಕೂಸು ನಂಗೆ ಕೊಟ್ಟಿದ್ದು ಈ ಬಳೆ ಒಂದೇ. ಇಟ್ಕಂತೀನಿ.”

ಜಟ್ಟಜ್ಜನಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ಆದರೂ ಬಾಯಿ ಹೊಲಿದುಕೊಂಡ. ಆಮೇಲೆ ಯಾರು ಕರೆದರೂ ಯಾವ ದೋಣಿಯನ್ನೂ ಮುಟ್ಟಲಿಲ್ಲವಂತೆ. ಅವನಿಗಿಂತ ಮೊದಲು ದುರ್ಗಿಯೇ ಹೋದಳು. ಅರಿಶಿನ ಕುಂಕುಮ ಹಚ್ಚಿ, ಮುತ್ತೈದೆಯಾಗಿಯೇ ಕಳಿಸಿದರು. ಮಣ್ಣು ಮುಗಿದ ಮೇಲೆ ಜಟ್ಟಜ್ಜ ದಡದಲ್ಲಿ ನಿಂತು ಎಲ್ಲವನ್ನೂ ಹೇಳಿದನಂತೆ. ಬೈದವರು ಬೈದರಂತೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡನಂತೆ.

ಈಗಲೂ ಆ ಊರಲ್ಲಿ ಹಳೆಯ ಹಾಯಿದೋಣಿಯ ವಯಸ್ಸು ತಿಳಿಯಬೇಕಾದರೆ, ಜಟ್ಟಜ್ಜನ ಹೆಸರು ಹೇಳಿ, ಮೊದಲು ಆ ಮನೆಯ ಹೆಂಗಸನ್ನು ಮಣೆ ಹಾಕಿ ಕೂರಿಸುತ್ತಾರೆ. ಎಷ್ಟು ಹೆತ್ತೆ ತಾಯಿ ಎಂದು ಕೇಳುತ್ತಾರೆ. ಅವಳು ಹೇಳಿ ಮುಗಿಸುವ ತನಕ ಯಾರೂ ಚೂರಿ ಹೊರಗೆ ತೆಗೆಯುವುದಿಲ್ಲ.