ಅಕ್ಕಿಮೂಟೆಯ ಹಿಂದಿನ ಸಾಕ್ಷಿ

ಪೋರ್ಚುಗೀಸ್ ಪರಂಗಿಯವರ ಜೊತೆ ಯುದ್ಧ ನಡೆದಿದ್ದ ಕಾಲ. ಬೆಳ್ಳಿ ಹೇರಿಕೊಂಡು ಗೋವೆಗೆ ಹೊರಟಿದ್ದ ಅವರ ಮೂರು ಹಡಗುಗಳನ್ನು ಹಡಗು ನಡೆಸುವ ತಾಂಡೇಲ ಜಟ್ಟಿ ಮತ್ತು ಅವನ ಅಂಬಿಗರು ನಡುಗಡಲಲ್ಲೇ ಹಿಡಿದು ತಂದರು. ಶತ್ರುವಿನ ಹಡಗಿಗೆ ಮೊದಲು ಹಾರಿದವನಿಗೆ ಉಂಬಳಿ ಎಂದು ಅರಸರು ಸಾರಿದ್ದರು.

ಮರುದಿನವೇ ದಳಪತಿ ಬಸವಂತ ನಾಯಕರು, ಜಟ್ಟಿಯ ಹಡಗಿನಲ್ಲಿ ತಮ್ಮ ಜೊತೆ ಬಂದಿದ್ದ ಕರಣಿಕ ಮಾಬ್ಲಯ್ಯನನ್ನು ಕರೆಸಿದರು.

"ಮೊದಲು ಹಾರಿದವನು ನಾನೇ ಅಂತ ಅರಮನೆಗೆ ಬರಿ. ಇಲ್ಲವೋ, ನಿನ್ನ ಕೆಲಸ ಹೋಯಿತು ಅಂತ ತಿಳಿ."

"ಬರೀತೇನೆ ಒಡೆಯಾ. ಆದರೆ ಸಾಕ್ಷಿ ಹೇಳುವವನು ತಾನು ಎಲ್ಲಿದ್ದೆ ಅಂತಲೂ ಬರೀಬೇಕಲ್ಲ?"

"ಬರಿ, ಅದಕ್ಕೇನು!"

ಮಾಬ್ಲಯ್ಯ ಬರೆದು, ಗಟ್ಟಿಯಾಗಿ ಓದಿದ. "ನಾನು ಮಹಾ ಪುಕ್ಕಲ. ಮೊದಲ ಗುಂಡು ಹಾರಿದ ಕೂಡಲೇ ಅಕ್ಕಿಮೂಟೆಗಳ ಹಿಂದೆ ನುಗ್ಗಿದೆ. ಅಲ್ಲಿ ನನಗಿಂತ ಮೊದಲೇ ಒಬ್ಬರು ಅಡಗಿದ್ದರು. ಯುದ್ಧ ಮುಗಿಯುವ ತನಕ ಇಬ್ಬರೂ ಕೈ ಕೈ ಹಿಡಿದುಕೊಂಡು ನಡುಗಿದೆವು. ಅವರ ಹೆಸರು..."

"ಸಾಕು, ಸಾಕು!" ನಾಯಕರ ಮುಖ ಕೆಂಪೇರಿತು. ಆಚೀಚೆ ನೋಡಿ ದನಿ ತಗ್ಗಿಸಿದರು. "ಆ ಜಟ್ಟಿಯೇ ಮೊದಲು ಹಾರಿದ ಅಂತ ಬರಿ ಮಾರಾಯ. ಮೂಟೆಯ ಸುದ್ದಿ ಅಳಿಸಿಬಿಡು."

"ನಿಮ್ಮದನ್ನು ಅಳಿಸುತ್ತೇನೆ, ಒಡೆಯಾ. ನನ್ನದು ಇರಲಿ ಬಿಡಿ" ಎಂದ ಮಾಬ್ಲಯ್ಯ. "ಅದನ್ನು ಓದಿಯಾದರೂ ಮುಂದಿನ ಯುದ್ಧಕ್ಕೆ ಅರಮನೆಯವರು ನನ್ನನ್ನು ಕರೆಯದಿದ್ದರೆ ಸಾಕು."