ಪ್ರವಾಸಿಗರು ನಿಲ್ಲದ ಮನೆ

"ಅಪ್ಪಾರೇ, ಶಿವ ನನ್ನಲ್ಲಿ ಏಕೆ ನಿಲ್ಲುವುದಿಲ್ಲ?" ಎಂದು ಅಡಿವೆಯ್ಯ ಗುರುಗಳನ್ನು ಕೇಳಿದ.

ಮಠದ ಶಿಷ್ಯರಲ್ಲಿ ಅಡಿವೆಯ್ಯನಷ್ಟು ಶ್ರದ್ಧೆಯವನು ಬೇರೊಬ್ಬನಿರಲಿಲ್ಲ. ಉಳಿದವರು ಒಂದು ಹೊತ್ತು ಪೂಜೆ ಮಾಡಿದರೆ ಇವನು ಮೂರು ಹೊತ್ತು ಮಾಡುತ್ತಿದ್ದ. ಉಳಿದವರು ಹೂ ಏರಿಸಿದರೆ ಇವನು ಬುಟ್ಟಿಯನ್ನೇ ಬರಿದು ಮಾಡುತ್ತಿದ್ದ. ಕಣ್ಣು ಮುಚ್ಚಿ ಕುಳಿತಾಗ ಒಮ್ಮೊಮ್ಮೆ ಮನಸ್ಸು ತುಂಬಿದಂತಾಗುತ್ತಿತ್ತು. ಮರುಗಳಿಗೆಯಲ್ಲಿ ಅದು ಬರಿದಾಗುತ್ತಿತ್ತು. ಹೀಗೇ ಆದರೆ ಮಠ ಬಿಟ್ಟು ಊರಿಗೆ ಹೋಗಿ ಬೇಸಾಯ ಮಾಡುವುದೇ ಮೇಲೆಂದು ಅವನು ನಿಶ್ಚಯಿಸಿ, ಗುರುಗಳಿಗೂ ಹೇಳಿದ್ದ. ಆ ನಿಶ್ಚಯದಿಂದ ಅವನಿಗೆ ಅಳುವೂ ಬರುತ್ತಿತ್ತು.

"ಅವನು ಬಂದಂತೆ ಅನಿಸಿದಾಗ ನೀನು ಏನು ಮಾಡುತ್ತೀ?" ಎಂದು ಗುರುಗಳು ಕೇಳಿದರು.

"ಮಂತ್ರ ಜೋರು ಮಾಡುತ್ತೇನೆ. ಬಂದೆಯಾ ತಂದೆ, ನನ್ನ ಪೂಜೆ ಒಪ್ಪಿತೇ, ಇನ್ನೇನು ಮಾಡಲಿ ಎಂದು ಬೇಡಿಕೊಳ್ಳುತ್ತೇನೆ."

ಗುರುಗಳಿಗೆ ನಗು ಬಂತು. ನಗುವಾಗಲೂ ಅವರ ಹುಬ್ಬು ಗಂಟಿಕ್ಕಿಯೇ ಇರುತ್ತಿತ್ತು. "ಊರಿಗೆ ಆಮೇಲೆ ಹೋಗುವಿಯಂತೆ, ಕೂಡು" ಎಂದು ಕತೆ ತೆಗೆದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಅರಳೆ ವರ್ತಕನಿದ್ದ. ಆ ಊರಿನಲ್ಲಿ ಹಳೆಯ ಕಲ್ಲುಗುಡಿಗಳಿದ್ದವು. ಚಳಿಗಾಲ ಬಂತೆಂದರೆ ಅವನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ವಯಸ್ಸಾಯಿತೆಂದು ವ್ಯಾಪಾರ ನಿಲ್ಲಿಸಿದ ಮೇಲೆ ವರ್ತಕ ಹೆಂಡತಿಯೊಡನೆ ಮಾತಾಡಿಕೊಂಡ. ನಮ್ಮಿಬ್ಬರಿಗೆ ಹಿಂದಿನ ಕೋಣೆ ಸಾಕು, ಉಳಿದ ಮನೆಯನ್ನು ಬಂದ ಪ್ರವಾಸಿಗರಿಗೆ ಬಾಡಿಗೆಗೆ ಕೊಡೋಣ, ಅದರಲ್ಲೇ ಬದುಕು ನಡೆಸೋಣ ಎಂದ. ಹೆಂಡತಿ ಒಪ್ಪಿದಳು.

ಮೊದಲ ಚಳಿಗಾಲ ಆ ಮನೆಗೆ ನರಪಿಳ್ಳೆಯೂ ಬರಲಿಲ್ಲ. ಪಕ್ಕದಲ್ಲಿ ಒಬ್ಬ ಹೋಟೆಲಿನವನಿದ್ದ. ತನ್ನ ಗಿರಾಕಿಗಳ ಕಾರು ನಿಲ್ಲಿಸಲು ಅವನಿಗೆ ಜಾಗ ಬೇಕಿತ್ತು. ಈ ಮನೆಯನ್ನು ಕೊಂಡು ಕೆಡವಿದರೆ ಜಾಗ ಸಿಗುತ್ತದೆಂದು ಅವನು ವರ್ತಕನ ಬೆನ್ನು ಹತ್ತಿದ. ವರ್ತಕ ಬೇಸತ್ತು, ಇನ್ನೊಂದು ಚಳಿಗಾಲ ನೋಡುತ್ತೇನೆ, ಆಗಲೂ ಹೀಗೇ ಆದರೆ ಮನೆ ನಿನಗೇ ಎಂದು ಮಾತು ಕೊಟ್ಟ. ಮನೆ ಹೋದರೆ ಗಂಡ ಹೆಂಡತಿ ವರ್ತಕನ ತಮ್ಮನ ಮನೆ ಸೇರಬೇಕಿತ್ತು. ತಮ್ಮ ಒಳ್ಳೆಯವನೇ. ಆದರೂ ಈ ವಯಸ್ಸಿನಲ್ಲಿ ಮೈದುನನ ಹೆಂಡತಿಯ ಒಲೆಯ ಮುಂದೆ ತಟ್ಟೆ ಹಿಡಿದು ನಿಲ್ಲುವುದನ್ನು ನೆನೆದರೆ ವರ್ತಕನ ಹೆಂಡತಿಗೆ ಅನ್ನ ಇಳಿಯುತ್ತಿರಲಿಲ್ಲ.

ಎರಡನೆಯ ಚಳಿಗಾಲಕ್ಕೆ ವರ್ತಕ ಟೊಂಕ ಕಟ್ಟಿ ನಿಂತ. ಗೋಡೆಗೆ ಸುಣ್ಣ ಹೊಡೆಸಿದ. ಬಾಗಿಲಿಗೆ ಬೋರ್ಡು ಹಾಕಿಸಿದ. ತಿಳಿದವರನ್ನು ಹಿಡಿದು ಮನೆಯ ಫೋಟೋಗಳನ್ನು ಫೋನಿನಲ್ಲಿ ಹಾಕಿಸಿದ. ಈಗಿನ ಕಾಲದಲ್ಲಿ ಮನೆ ಊರಿನಲ್ಲಿದ್ದರೆ ಸಾಲದಂತೆ, ಫೋನಿನಲ್ಲೂ ಇರಬೇಕಂತೆ. ಇರಲಿ. ಅದರಿಂದ ಜನ ಬಂದರು.

ಬಂದವರನ್ನು ವರ್ತಕ ಊರ ಅಗಸೆಬಾಗಿಲವರೆಗೆ ಹೋಗಿ ಎದುರುಗೊಂಡ. ಅವರ ಚೀಲ ತಾನೇ ಹೊತ್ತು ತಂದ. ಊಟಕ್ಕೆ ಕುಳಿತರೆ ಎದುರಿಗೆ ಮಣೆ ಹಾಕಿಕೊಂಡು ಕುಳಿತ. ಅವನ ಹೆಂಡತಿ ರೊಟ್ಟಿ ಬಡಿದಳು, ಅವನು ನೀಡಿದ. ಸಾಕೆಂದು ಕೈ ಅಡ್ಡ ಹಿಡಿದವರಿಗೆ ಕೈ ಸರಿಸಿ ನೀಡಿದ. ಊಟ ಮುಗಿಸಿ ಅವರು ಕಟ್ಟೆಯ ಮೇಲೆ ಕುಳಿತರೆ ತಾನೂ ಕುರ್ಚಿ ಎಳೆದುಕೊಂಡು ಬಂದ. ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು, ಮಕ್ಕಳಾಗದಿದ್ದರೆ ಯಾವ ದೇವರಿಗೆ ನಡೆದುಕೊಳ್ಳಬೇಕು, ಎಲ್ಲವನ್ನೂ ವಿಚಾರಿಸಿದ. ಅವರು ಮಲಗಿದ ಮೇಲೆ ಬಾಗಿಲು ತಟ್ಟಿ, ಹೊದಿಕೆ ಸಾಕಾಯಿತೇ ಎಂದು ಕೇಳಿದ. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಾಗ ಅವರಿಗೆ ದಾರಿ ತಪ್ಪೀತೆಂದು ತಾನೇ ಎಲ್ಲ ಗುಡಿಗಳನ್ನೂ ತೋರಿಸಿದ. ಇಬ್ಬರ ಮಾತೂ ಕೇಳಿಸಲಿ ಎಂದು ಅವರ ನಡುವೆಯೇ ನಡೆದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಇಲ್ಲಿ ಅಡಿವೆಯ್ಯ ತಡೆಯಲಾರದೆ ಬಾಯಿ ಹಾಕಿದ. "ಅದರಲ್ಲಿ ತಪ್ಪೇನು ಅಪ್ಪಾರೇ? ಬಂದವರನ್ನು ಹಾಗೆ ನೋಡಿಕೊಳ್ಳುವುದು ನಮ್ಮ ಕಡೆಯ ಪದ್ಧತಿಯೇ ಅಲ್ಲವೇ?"

"ಪದ್ಧತಿಯೇ. ಬಂದವರೂ ನಮ್ಮ ಕಡೆಯವರೇ. ಅದಕ್ಕೇ ಯಾರೂ ಅವನ ಮುಖದ ಮೇಲೆ ಏನೂ ಹೇಳಲಿಲ್ಲ" ಎಂದು ಗುರುಗಳು ಮುಂದುವರಿಸಿದರು.

ನಾಲ್ಕು ದಿನಕ್ಕೆಂದು ಬಂದವರು ಮರುದಿನವೇ ಚೀಲ ಕಟ್ಟುತ್ತಿದ್ದರು. ಒಬ್ಬರಿಗೆ ಆಫೀಸಿನಿಂದ ಫೋನು ಬಂತು. ಇನ್ನೊಬ್ಬರಿಗೆ ಅಜ್ಜಿ ತೀರಿಕೊಂಡ ಸುದ್ದಿ ಬಂತು. ಆ ಚಳಿಗಾಲದಲ್ಲಿ ಅದೆಷ್ಟು ಅಜ್ಜಿಯರು ತೀರಿಕೊಂಡರೋ ಶಿವನೇ ಬಲ್ಲ. ಹೋಗುವಾಗ ಎಲ್ಲರೂ ಕೈ ಮುಗಿದು, ನಿಮ್ಮಂಥವರು ಸಿಗುವುದಿಲ್ಲ ಎಂದು ಹೊಗಳಿದರು. ಹೋದವರು ಹೋದರು, ಒಬ್ಬರೂ ಹೊರಳಿ ಬರಲಿಲ್ಲ, ತಮ್ಮವರನ್ನು ಕಳಿಸಲೂ ಇಲ್ಲ.

ವರ್ತಕನಿಗೆ ದಿಕ್ಕು ತೋಚಲಿಲ್ಲ. ನಮ್ಮ ಉಪಚಾರದಲ್ಲೇ ಏನೋ ಕಡಿಮೆಯಾಗಿದೆ ಎಂದು ಅವನಿಗೆ ಅನಿಸಿತು. ರೊಟ್ಟಿಯ ಜೊತೆಗೆ ಹೋಳಿಗೆ ಸೇರಿಸಿದ. ರಾತ್ರಿ ಒಂದು ಸಲ ತಟ್ಟುತ್ತಿದ್ದ ಬಾಗಿಲನ್ನು ಎರಡು ಸಲ ತಟ್ಟಿದ. ಬಂದವರು ಇನ್ನೂ ಬೇಗ ಹೋದರು. ಅತ್ತ ಹೋಟೆಲಿನವನು ಬೇಲಿಯ ಬಳಿ ನಿಂತು ಜಾಗವನ್ನು ಕಣ್ಣಳತೆಯಲ್ಲೇ ಅಳೆಯತೊಡಗಿದ.

ಅಷ್ಟರಲ್ಲಿ ನಿಜವಾಗಿಯೂ ಒಬ್ಬರು ತೀರಿಕೊಂಡರು. ವರ್ತಕನ ಹೆಂಡತಿಯ ಸೋದರಮಾವ. ಬೆಳಿಗ್ಗೆ ಸುದ್ದಿ ಬಂತು, ಕೂಡಲೇ ಹೊರಡಬೇಕಾಯಿತು. ಅದೇ ಮಧ್ಯಾಹ್ನ ಒಂದು ಸಂಸಾರ ಬಾಡಿಗೆಗೆ ಬರುವುದಿತ್ತು. ವರ್ತಕ ಬೀಗದ ಕೈಯನ್ನು ಎದುರುಮನೆಯ ಹೂಗಾರ ಮುದುಕಿಯ ಕೈಗೆ ಹಾಕಿ, ಬಂದವರಿಗೆ ಕೊಟ್ಟುಬಿಡು ತಾಯಿ ಎಂದು ಹೇಳಿ, ಹಿಂದೆ ಹಿಂದೆ ನೋಡುತ್ತ ಬಸ್ಸು ಹತ್ತಿದ.

ಸತ್ತವರ ಮನೆಯಲ್ಲಿ ಕುಳಿತು ಅವನು ಇದ್ದವರಿಗಾಗಿ ಅತ್ತ. ಅವರಿಗೆ ಬಿಸಿನೀರು ಸಿಕ್ಕಿತೋ ಇಲ್ಲವೋ, ರೊಟ್ಟಿ ಯಾರು ನೀಡಿದರೋ ಎಂದು ಮರುಗಿದ. ಹೆಂಡತಿಯ ಮಾವನ ಮೇಲೆ ಇವನಿಗೆ ಎಷ್ಟು ಪ್ರೀತಿ ಎಂದು ನೆಂಟರು ಬೆರಗಾದರು. ದಿನಕರ್ಮ ಮುಗಿಸಿಕೊಂಡು ತಿರುಗಿ ಬರುವಾಗ ಅವನು ಹೆಂಡತಿಗೆ ಸೋತ ದನಿಯಲ್ಲಿ ಹೇಳಿದ. "ನಾವಿದ್ದಾಗ್ಲೇ ನಿಲ್ಲದ ಮಂದಿ ನಾವಿಲ್ಲದಾಗ ನಿಂತಾರೇನು? ಅವರು ಎಂದೋ ಹೋಗಿರ್ತಾರ. ನಾಳೆ ಹೋಟೆಲಿನವ್ನ ಕರಸ್ತೀನಿ. ಮನಿ ಕೊಟ್ಟುಬಿಡೋಣು." ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳೇ ಹೊರತು ಬೇಡವೆನ್ನಲಿಲ್ಲ.

ಮನೆಯ ಮುಂದೆ ಬಂದಾಗ ಅಂಗಳದಲ್ಲಿ ಯಾರದೋ ಬಟ್ಟೆ ಒಣಗುತ್ತಿತ್ತು. ಹೊಸ ಸುಣ್ಣದ ಗೋಡೆಯ ಮೇಲೆ ಮಗುವೊಂದು ಇದ್ದಿಲಿನಿಂದ ಆನೆ ಬರೆದಿತ್ತು. ಅಡುಗೆಮನೆಯಿಂದ ರೊಟ್ಟಿ ಸೀದ ವಾಸನೆ ಬರುತ್ತಿತ್ತು. ವರ್ತಕನ ಸ್ವಂತ ಕುರ್ಚಿಯಲ್ಲಿ ಅಪರಿಚಿತನೊಬ್ಬ ಕಾಲು ಚಾಚಿ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ.

ವರ್ತಕ ಕಕ್ಕಾಬಿಕ್ಕಿಯಾದ. ಹೋಗಿ ರೊಟ್ಟಿ ತಿರುವಿಹಾಕಬೇಕೆಂದು ಅವನ ಕಾಲುಗಳು ತಾವಾಗಿಯೇ ಒಳಗೆ ನುಗ್ಗಿದವು. ಹೆಂಡತಿ ಅವನ ಹೆಗಲ ಮೇಲಿನ ವಲ್ಲಿಯ ಚುಂಗು ಹಿಡಿದು ಜಗ್ಗಿದಳು. ಗೇಟು ಕಿರುಗುಟ್ಟಿತು. ಮಲಗಿದ್ದವನು ಎಚ್ಚರಗೊಂಡು, ಇವರಿಬ್ಬರನ್ನೂ ನೋಡಿ, ಸಾವಕಾಶವಾಗಿ ಕೇಳಿದ.

"ಯಾರ್ರೀ? ಯಾರು ಬೇಕಾಗಿತ್ತು?"

ವರ್ತಕನ ಬಾಯಿಯಲ್ಲಿ ಮಾತು ಸಿದ್ಧವಾಗಿತ್ತು. ನಾನು ಈ ಮನೆಯ ಯಜಮಾನ ಎನ್ನುವುದೊಂದೇ ಬಾಕಿ. ಅಷ್ಟರಲ್ಲಿ ಹೆಂಡತಿ ಮುಂದೆ ಬಂದಳು.

"ಯಾರೂ ಬ್ಯಾಡ್ರಿ ಯಪ್ಪಾ. ಹಿಂಗ ದಾರಿ ಹಿಡದು ಹೊಂಟಿದ್ವಿ. ಕುಡೀಲಿಕ್ಕೆ ಒಂದೀಟು ನೀರು ಕೊಡ್ರಿ."

"ಅಯ್ಯ, ಬರ್ರಿ, ಬರ್ರಿ. ಬಿಸಲಾಗ ಯಾಕ ನಿಂತೀರಿ, ಕುಂದರ್ರಿ" ಎಂದು ಅವನು ಎದ್ದು ವರ್ತಕನಿಗೆ ವರ್ತಕನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಅವನ ಹೆಂಡತಿ ಒಳಗಿನಿಂದ ಚರಿಗೆಯಲ್ಲಿ ನೀರು ತಂದಳು. ಜೊತೆಗೆ, ವರ್ತಕನ ಹೆಂಡತಿಯ ಗಡಿಗೆಯಿಂದಲೇ ತೆಗೆದ ಒಂದು ತುಂಡು ಬೆಲ್ಲವನ್ನೂ ತಂದಳು.

"ಭಾಳ ಚಲೋ ಮನಿ ನೋಡ್ರಿ ಇದು" ಎಂದು ಆ ಮನುಷ್ಯ ಹೇಳತೊಡಗಿದ. "ಇವತ್ತೇ ಹೋಗಬೇಕಿತ್ತು. ಮಗಳು ಒಲ್ಲೆ ಅಂದ್ಲು. ಇನ್ನೂ ಒಂದು ವಾರ ಇರೋಣಂತ ಮಾಡೀವಿ. ಮಾಲಕರನ್ನ ನಾವು ನೋಡೇ ಇಲ್ರಿ. ಕೀಲಿ ಕೈಗೆ ಕೊಟ್ಟು ಸುಮ್ಮನೆ ಹೋಗ್ಯಾರ. ಎಂಥ ದೊಡ್ಡ ಮನಸ್ಸಿರಬೇಕು ಅವರದು!"

ವರ್ತಕನಿಗೆ ನೀರು ನೆತ್ತಿಗೇರಿತು. ಅವನು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡ.

"ಯಾರೋ ನಿಮ್ಮನ್ನ ನೆನಸಾಕತ್ತಾರ ನೋಡ್ರಿ" ಎಂದು ಆ ಮನುಷ್ಯ ಅವನ ನೆತ್ತಿ ತಟ್ಟಿದ.

ಗಂಡ ಹೆಂಡತಿ ಅಲ್ಲಿಂದೆದ್ದು ಹೊಳೆಯ ಮೆಟ್ಟಿಲಿನ ಮೇಲೆ ಹೋಗಿ ಕುಳಿತರು. ಅಲ್ಲಿ ಹೆಂಡತಿ ಹೇಳಿದಳು. "ನಾ ಈ ಮನಿಗೆ ಸೊಸಿಯಾಗಿ ಬಂದಾಗ ನಿಮ್ಮವ್ವ ನನ್ನ ಭಾಳ ಚಂದ ನೋಡಿಕೊಂಡ್ರು. ಒಲಿ ಮುಂದ ನನ್ನ ಬಗಲಾಗ ನಿಂತು ಎಲ್ಲಾ ಹೇಳಿಕೊಟ್ರು. ಆದ್ರೂ ನನಗ ಇದು ಮಂದಿ ಮನಿ ಅಂತನೇ ಅನಸ್ತಿತ್ತು. ಒಂದಿನ ಅಡಗಿಮನಿ ನನ್ನ ಕೈಗೆ ಬಿಟ್ಟು ಅವರು ತಂಗಿ ಊರಿಗೆ ಹೋದ್ರು. ಆವತ್ತು ಸಾರಿಗೆ ಉಪ್ಪು ಜಾಸ್ತಿ ಆತು. ಆವತ್ತೇ ಇದು ನನ್ನ ಮನಿ ಆತು. ನನಗ ಗೊತ್ತಿತ್ತು ನೋಡ್ರಿ ಇದು, ಆದ್ರ ನಾನೂ ಮರತೆ."

ಅದನ್ನು ಕೇಳಿ ವರ್ತಕ ನಿಟ್ಟುಸಿರು ಬಿಟ್ಟ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮನೆ ಉಳಿಯಿತೆಂಬ ಸಮಾಧಾನ ಅದರಲ್ಲಿತ್ತು. ಇನ್ನೊಂದು ಸಮಾಧಾನವೂ ಇತ್ತು, ಅದನ್ನು ಅವನು ಹೆಂಡತಿಯ ಮುಂದೆ ಒಪ್ಪಿಕೊಂಡ. ಆ ಚಳಿಗಾಲವೆಲ್ಲ ಇನ್ನೊಬ್ಬರ ತಟ್ಟೆ, ಇನ್ನೊಬ್ಬರ ಹೊದಿಕೆ, ಇನ್ನೊಬ್ಬರ ಮುಖವನ್ನೇ ಕಾಯ್ದು ಅವನು ದಣಿದುಹೋಗಿದ್ದ. ಇನ್ನು ಕಾಯಬೇಕಾಗಿಲ್ಲ ಎಂದು ತಿಳಿದದ್ದೇ ಅವನಿಗೆ ನಗು ಬಂತು. ನಕ್ಕು ನಕ್ಕು ಹೆಂಡತಿಯ ಹೆಗಲಿಗೆ ಒರಗಿದ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಿರುಗಿ ನೋಡಿದರು, ನೋಡಲಿ.

ಅವನ ಹಳೆಯ ಅರಳೆ ಗೋದಾಮು ಹಿಂದಿನ ಓಣಿಯಲ್ಲಿ ಖಾಲಿ ಬಿದ್ದಿತ್ತು. ಅದರಲ್ಲಿ ತಾವು ಇರಬಹುದೆಂದು ಅದುವರೆಗೆ ಇಬ್ಬರಿಗೂ ಹೊಳೆದಿರಲಿಲ್ಲ. ಗಂಡ ಹೆಂಡತಿ ಅದನ್ನು ಗುಡಿಸಿ ಸಾರಿಸಿ ಅಲ್ಲಿಗೆ ಬಿಡಾರ ಬದಲಿಸಿದರು. ಅಂದಿನಿಂದ ಯಾರಾದರೂ ಬರುತ್ತಾರೆಂದರೆ ಕಸ ಹೊಡೆದು, ಹಂಡೆಗೆ ನೀರು ತುಂಬಿ, ಬುಟ್ಟಿಯಲ್ಲಿ ರೊಟ್ಟಿ ಮುಚ್ಚಿಟ್ಟು, ಕೀಲಿಯನ್ನು ಮುದುಕಿಯ ಕೈಗೆ ಕೊಟ್ಟು ಬರುತ್ತಿದ್ದರು. ಕರೆದರೆ ಹೋಗುತ್ತಿದ್ದರು. ಆ ಸಂಸಾರ ವಾರ ಮುಗಿಸಿ ಹೋಗುವಾಗ ಮುದುಕಿಯಿಂದ ನಿಜ ತಿಳಿದು, ನಾಚಿ, ನಕ್ಕು, ಮುಂದೆ ತಮ್ಮ ಅಣ್ಣನನ್ನು ಕಳಿಸಿತು. ಅಣ್ಣ ತನ್ನ ಗೆಳೆಯರನ್ನು ಕಳಿಸಿದ. ಚಳಿಗಾಲದ ಕೊನೆಗೆ ಹೋಟೆಲಿನವನು ಮನೆಯ ಮಾತು ನೆನಪಿಸಲು ಗೋದಾಮಿಗೆ ಬಂದಾಗ ವರ್ತಕ, "ಮನಿ ಖಾಲಿ ಇಲ್ಲೋ ತಮ್ಮಾ, ಮಂದಿ ಅದಾರ ಅದರಾಗ" ಎಂದು ಹೇಳಿ ಅವನಿಗೊಂದು ಲೋಟ ಚಹಾ ಕೊಟ್ಟು ಕಳಿಸಿದ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಯ್ಯನ ಮುಖದ ಬಿಗುವು ಸಡಿಲಾಗಿತ್ತು. ಆದರೂ ಅವನು ಅಷ್ಟಕ್ಕೇ ಬಿಡುವವನಲ್ಲ.

"ಹಾಗಾದರೆ ಪೂಜೆ ಬಿಟ್ಟುಬಿಡಲೇ ಅಪ್ಪಾರೇ?"

"ವರ್ತಕ ಕಸ ಹೊಡೆಯುವುದನ್ನು ಬಿಟ್ಟನೇನೋ ಹುಚ್ಚಪ್ಪಾ?" ಎಂದು ಗುರುಗಳು ರೇಗಿದರು.

ಅಡಿವೆಯ್ಯ ತಲೆ ತಗ್ಗಿಸಿದ. ಮೆಲ್ಲಗೆ, "ವರ್ತಕನಂತೆ ನಾನೂ ನನ್ನೊಳಗಿನಿಂದ ಹೊರಗೆ ಹೋದರೆ, ಅವನು ಬಂದು ನಿಂತಿದ್ದಾನೆಂದು ನನಗೆ ತಿಳಿಯುವುದು ಹೇಗೆ?" ಎಂದು ಕೇಳಿದ.

ಗುರುಗಳು ಹೇಳಿದರು: "ನಿನ್ನೊಳಗಿನಿಂದಲೇ ಒಬ್ಬನು 'ಯಾರು ಬೇಕಾಗಿತ್ತು?' ಎಂದು ನಿನ್ನನ್ನು ಕೇಳುತ್ತಾನೆ. ಆಗ ನಿನ್ನ ಹೆಸರು ಹೇಳಬೇಡ, ನೀರು ಕೇಳು."