ಒಂದು ಎಲೆಗೂ ನೋವಿಲ್ಲ

ಅವತ್ತು ನೀವಿರಬೇಕಿತ್ತು ಕಣ್ರೀ! ನಮ್ಮ ಬೀದಿಲಿ ನೆಲದೊಳಗೆ ಕರೆಂಟ್ ಕೇಬಲ್ ಹಾಕೋಕೆ ಕಂಪನಿ ಇಂಜಿನಿಯರ್ ಬಂದ. ಚಾ ಅಂಗಡಿ ಹೊನ್ನೂರಮ್ಮನ ಹೊಂಗೆಮರ ದಾರಿಗೆ ಅಡ್ಡ ಇತ್ತು. ಆ ನೆರಳು ಹೋದರೆ ಅವಳ ಅಂಗಡಿಗೆ ಯಾರು ಬರ್ತಾರೆ?

"ಸಂಜೆ ಮರ ಕಡಿಸ್ತೀನಿ. ಇದು ಅಂತಿಂಥ ಕೇಬಲ್ ಅಲ್ಲಮ್ಮ. ಹಳತಾದರೆ ಕರಗಿಸಿ ಮತ್ತೆ ಹೊಸದು ಮಾಡಬಹುದು. ಪರಿಸರಕ್ಕೆ ಅಮೃತ!" ಅಂತ ಎದೆ ಉಬ್ಬಿಸಿದ. ಒಂದು ಬೋರ್ಡನ್ನೂ ಅವಳ ಕೈಗೇ ಕೊಟ್ಟ. "ಮಧ್ಯಾಹ್ನ ದೊಡ್ಡ ಸಾಹೇಬರು ಬರ್ತಾರೆ. ಎಲ್ಲರಿಗೂ ಕಾಣೋ ಹಾಗೆ ಕಟ್ಟು."

ಬೋರ್ಡಲ್ಲಿ ಹೀಗಿತ್ತು: "ನಮ್ಮ ಕೇಬಲ್: ಹುಟ್ಟಿನಿಂದ ಮರುಹುಟ್ಟಿನವರೆಗೆ ಒಂದು ಎಲೆಗೂ ನೋವಿಲ್ಲ."

ಹೊನ್ನೂರಮ್ಮ ಅದನ್ನ ಹೊಂಗೆಮರಕ್ಕೇ ಬಿಗಿದಳು!

ದೊಡ್ಡ ಸಾಹೇಬರು ಬಂದರು, ಓದಿದರು, ನೆರಳಲ್ಲಿ ನಿಂತು ಫೋಟೋ ಹೊಡೆಸಿಕೊಂಡರು. "ಭೇಷ್! ಈ ಮರಾನೇ ನಮಗೆ ಸಾಕ್ಷಿ" ಅಂದರು. ಇಂಜಿನಿಯರ್ ಮುಖ ಹರಳೆಣ್ಣೆ ಕುಡಿದ ಹಾಗಾಯ್ತು.

ಸಾಹೇಬರ ಕಾರು ಹೋದದ್ದೇ ತಡ, "ಮರಕ್ಕೆ ಯಾಕೆ ಕಟ್ಟಿದೆ?" ಅಂತ ಹಾರಾಡಿದ.

"ಎಲ್ಲರಿಗೂ ಕಾಣೋ ಜಾಗ ಇದೇ ಅಲ್ವಾ ಸ್ವಾಮಿ? ನಿಮ್ಮ ಕೇಬಲ್‌ಗೆ ಮತ್ತೆ ಹುಟ್ಟೋಕೂ ಬರುತ್ತೆ, ಬಗ್ಗೋಕೂ ಬರುತ್ತೆ. ನನ್ನ ಮರಕ್ಕೆ ಎರಡೂ ಬರಲ್ಲ."

ಈಗ ಕೇಬಲ್ ಮರಕ್ಕೆ ಸುತ್ತು ಹಾಕಿಕೊಂಡು ತಣ್ಣಗೆ ಮಲಗಿದೆ. ಬೋರ್ಡಿನ ಮಾತು ಒಂದು ಮರದ ಮಟ್ಟಿಗಾದರೂ ನಿಜ ಆಯ್ತು ನೋಡಿ!